ಬಸ್ಸು ಬಿಟ್ಟುಹೋದ ಹೂವಿನ ಗುಡ್ಡ

ಕಾಮೀಸ್‌ಕ್ರೂನ್
ಸೆಪ್ಟೆಂಬರ್ ೧೯

ನನ್ನ ಮುದ್ದು ಲುಸಿಂದಾ,

ನಿನ್ನ ಪಕ್ಕದ ಮನೆಯ ಅರೆಂಡ್ಸೆ ಅಮ್ಮನ ಕಣ್ಣು ಈ ವಯಸ್ಸಿನಲ್ಲೂ ಎಷ್ಟು ಚುರುಕಾಗಿದೆ! ಹೌದು, ಕೇಪ್ ಟೌನಿನ ಸಸ್ಯೋದ್ಯಾನದ ಬೆಂಚಿನ ಮೇಲೆ ಕೂತಿದ್ದ ಹೆಂಗಸು ನಾನೇ. ಆ ಹಳದಿ ಟೋಪಿಯೂ ನನ್ನದೇ. ಪಕ್ಕದಲ್ಲಿ ಕೂತು ನನ್ನ ಡಬ್ಬಿಯಿಂದ ರೊಟ್ಟಿ ತಿನ್ನುತ್ತಿದ್ದ ಗಂಡಸು ಯಾರು ಎಂದು ನೀನು ಫೋನಿನಲ್ಲಿ ಕೇಳಿದಾಗಲೆಲ್ಲ ಸಿಗ್ನಲ್ ಸರಿಯಿಲ್ಲ ಎಂದೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ. ಕಾಗದದಲ್ಲಿ ನಾನು ಹೇಳಿ ಮುಗಿಸುವವರೆಗೆ ನೀನು ಕೇಳಲೇಬೇಕು.

ಆಗಸ್ಟ್ ಕೊನೆಯಲ್ಲಿ ನಮ್ಮ ಚರ್ಚಿನ ಹೆಂಗಸರೆಲ್ಲ ಬಸ್ಸು ಮಾಡಿಕೊಂಡು ಹೂ ನೋಡಲು ಹೊರಟರು. ನಾನು ಬರುವುದಿಲ್ಲ ಎಂದೆ. ನಿನ್ನ ಟ್ರೈನಾ ಅತ್ತೆ ಬಾಗಿಲಲ್ಲಿ ನಿಂತು ರೇಗಿದಳು: "ಮೂವತ್ತು ವರ್ಷ ಹೂ ನೋಡಕ್ಕೆ ಬಂದೋರಿಗೆಲ್ಲ ಅಡುಗೆ ಮಾಡಿ ಹಾಕಿದೀಯ. ನೀನು ಯಾವತ್ತಾದ್ರೂ ಹೋಗಿ ನೋಡಿದೀಯಾ? ಎದ್ದೇಳು ಅತ್ತಿಗೆ, ಆ ಕಪ್ಪು ಶಾಲು ಬೇಕಾದ್ರೆ ಹೊದ್ಕೊಂಡೇ ಬಾ."

ಅವಳು ಹೇಳಿದ್ದು ಸುಳ್ಳಲ್ಲ. ಆಗಸ್ಟಿನಲ್ಲಿ ವಸಂತ ಬಂತೆಂದರೆ ವಸತಿಗೃಹದ ಅಡುಗೆಮನೆಯಲ್ಲಿ ನಾನು, ಅಲ್ಲಿಯೇ ಅತಿಥಿಗಳ ಪೆಟ್ಟಿಗೆ ಹೊರುತ್ತ ನಿನ್ನ ಅಪ್ಪ. ಇಬ್ಬರಿಗೂ ಕಂಡ ಹೂವೆಂದರೆ ಊಟದ ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಇಟ್ಟದ್ದು. ಮುಂದಿನ ವರ್ಷ ಹೋಗೋಣ ಎಂದು ಪ್ರತಿ ವರ್ಷವೂ ಅಂದುಕೊಳ್ಳುತ್ತಿದ್ದೆವು. ಅಪ್ಪ ಹೋದ ಮೇಲೆ ಆ ಮಾತೂ ನಿಂತಿತು, ಕಪ್ಪು ಶಾಲು ಹೆಗಲೇರಿತು.

ಬಸ್ಸು ಹತ್ತಿದರೆ ಹೆಂಗಸರ ನಡುವೆ ಒಬ್ಬರೇ ಒಬ್ಬ ಗಂಡಸು, ಕೋಮಾಖಾಸ್ ಕಡೆಯ ಲಿಂಕ್ಸ್ ಅವರು. ಮೊದಲು ತಾಮ್ರದ ಗಣಿಯಲ್ಲಿದ್ದವರು, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ. ಇಲ್ಲಿರುವ ಅವರ ತಂಗಿಗೆ ಜ್ವರ ಬಂದಿತ್ತು. ಟಿಕೆಟ್ ದಂಡವಾಗಬಾರದೆಂದು ಅವಳು ಅಣ್ಣನನ್ನು ಕಳಿಸಿದ್ದಳು. ಟ್ರೈನಾ ಸುಮ್ಮನಿರುತ್ತಾಳೆಯೇ?

"ಏನ್ ಲಿಂಕ್ಸಣ್ಣ, ಇಷ್ಟು ಹೆಂಗಸ್ರ ಮಧ್ಯೆ ಉಸಿರಾಡಕ್ಕೆ ಗಾಳಿ ಸಿಗ್ತಿದೆಯಾ?"

"ಗಾಳಿ ಸಿಗ್ತಿದೆ ತಾಯಿ," ಎಂದರು ಅವರು. "ಮಾತಾಡಕ್ಕೆ ಸಂದೇ ಸಿಗ್ತಿಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ನಕ್ಕ ಮೇಲೆ ಕಿಟಕಿಯ ಕಡೆ ತಿರುಗಿ ಶಾಲು ಸರಿಮಾಡಿಕೊಂಡೆ.

ಗುಡ್ಡ ತಲುಪಿದಾಗ ಮೋಡ ಮುಸುಕಿತ್ತು. ನಮ್ಮ ಹೂಗಳ ಜಂಬ ನಿನಗೆ ಗೊತ್ತಲ್ಲ, ಬಿಸಿಲಿಲ್ಲದೆ ಬಾಯಿ ಬಿಡುವುದಿಲ್ಲ. ಗುಡ್ಡದ ತುಂಬ ಮುಚ್ಚಿದ ಮೊಗ್ಗು. ಕೆಲವರು ಬಸ್ಸಿನಿಂದ ಇಳಿಯಲೇ ಇಲ್ಲ. ಇನ್ನು ಕೆಲವರು ಫ್ಲಾಸ್ಕಿನ ಚಹಾ ಕುಡಿಯುತ್ತ ಡ್ರೈವರನ್ನು ಬೈದರು, ಮೋಡವನ್ನು ಅವನೇ ತಂದ ಹಾಗೆ. ನಾನು ಕಾಲು ಸಡಿಲ ಮಾಡಿಕೊಳ್ಳೋಣವೆಂದು ಗುಡ್ಡದ ಆಚೆ ಬದಿಗೆ ನಡೆದು ಒಂದು ಬಂಡೆಯ ಮೇಲೆ ಕೂತೆ.

ಅಷ್ಟರಲ್ಲಿ ಮೋಡ ಸರಿಯಿತು. ಲುಸಿಂದಾ, ಅದನ್ನು ಹೇಗೆ ಬರೆಯಲಿ? ಮೊದಲು ನನ್ನ ಕಾಲ ಬುಡದ ಹೂ ಒಂದು ಬಿಚ್ಚಿಕೊಂಡಿತು, ಆಮೇಲೆ ಅದರ ಪಕ್ಕದ್ದು. ನಾನು ಅವನ್ನೇ ನೋಡುತ್ತ ಕೂತಿದ್ದೆ. ತಲೆ ಎತ್ತಿದಾಗ ಇಡೀ ಇಳಿಜಾರು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಕಲ್ಲುಗಳ ಸಂದಿಯಲ್ಲೆಲ್ಲ ನೀಲಿ. ನಾನು ಹುಟ್ಟಿ ಬೆಳೆದ ಮಣ್ಣು, ಬೇಸಿಗೆಯಲ್ಲಿ ಮೇಕೆಗೂ ಒಂದು ಎಲೆ ಕೊಡದ ಮಣ್ಣು. ನಿನ್ನ ಅಪ್ಪನಿಗೆ ಇದನ್ನು ತೋರಿಸಲಾಗಲಿಲ್ಲವಲ್ಲ ಎಂದು ಗಟ್ಟಿಯಾಗಿ ಅತ್ತೆ. ಅತ್ತು ಮುಗಿಸಿ ಮೂಗು ಒರೆಸಿಕೊಂಡಾಗ, ಸ್ವಲ್ಪ ದೂರದಲ್ಲಿ ಲಿಂಕ್ಸ್ ಅವರು ನನಗೆ ಬೆನ್ನು ಮಾಡಿ ನಿಂತಿದ್ದರು. ನನ್ನನ್ನು ಕರೆಯಲು ಬಂದವರು, ಅಳುವುದು ಕಂಡು ತಿರುಗಿ ನಿಂತಿದ್ದರು.

"ಬಸ್ಸು ಹೊರಡತ್ತೆ ಅಂತ ಹೇಳಕ್ಕೆ ಬಂದೆ," ಎಂದರು. "ಪರವಾಗಿಲ್ಲ. ಪೂರ್ತಿ ಅತ್ಕೊಳ್ಳಿ. ನಂಗೇನೂ ಅವಸರ ಇಲ್ಲ."

ನಾವು ಈಚೆ ಬದಿಗೆ ಬರುವಷ್ಟರಲ್ಲಿ ಬಸ್ಸು ಇರಲಿಲ್ಲ, ಧೂಳು ಮಾತ್ರ ಇತ್ತು. ಟ್ರೈನಾ ಹಿಂದಿನ ಸೀಟಿನಲ್ಲಿ ಯಾರದೋ ಕಪ್ಪು ಶಾಲು ನೋಡಿ, ಅತ್ತಿಗೆ ಬಂದಾಯಿತು, ಹೊರಡಿ ಎಂದಳಂತೆ. ಲಿಂಕ್ಸ್ ಅವರ ನೆನಪು ಯಾರಿಗೂ ಆಗಲಿಲ್ಲ. ನನಗೆ ಗಾಬರಿಯಾಗಬೇಕಿತ್ತು. ಆದರೆ ನಗು ಬಂತು. ನಡೆದು ಬರುವ ದಾರಿಯುದ್ದಕ್ಕೂ ಅವರು ಗಣಿಯ ಕಥೆ ಹೇಳಿದರು, ನಾನು ಅತಿಥಿಗಳ ಕಥೆ ಹೇಳಿದೆ. ಕೊನೆಗೆ ಕುರಿ ಸಾಗಿಸುವ ಪಿಕಪ್ ಒಂದು ನಿಂತಿತು. ಮುಂದೆ ಒಬ್ಬರಿಗೆ ಮಾತ್ರ ಜಾಗ.

"ನೀವು ಮುಂದೆ ಕೂತ್ಕೊಳ್ಳಿ," ಎಂದರು ಅವರು.

"ನೀವು ಕುರಿ ಜೊತೆ ಮಾತಾಡ್ಕೊಂಡು ಬರ್ತೀರಾ? ನಾನೂ ಹಿಂದೇನೇ ಬರ್ತೀನಿ," ಎಂದೆ.

ಚರ್ಚಿನ ಮೆಟ್ಟಿಲ ಮೇಲೆ ಎಲ್ಲರೂ ಕಣ್ಣು ಮುಚ್ಚಿ ನಿಂತು ನಮಗಾಗಿ ಪ್ರಾರ್ಥಿಸುತ್ತಿದ್ದರು. ಪಾದ್ರಿಗಳು ಆಮೆನ್ ಅನ್ನುವುದಕ್ಕೆ ಮೊದಲೇ ನಾವು ಕುರಿಗಳ ನಡುವಿನಿಂದ ಇಳಿದೆವು. ನನ್ನ ಶಾಲಿನ ಒಂದು ತುದಿಯನ್ನು ಕುರಿ ಮೆದ್ದುಬಿಟ್ಟಿತ್ತು. ಮನೆಗೆ ಬಂದು ಅದನ್ನು ಹೊಲಿಯಲು ಕೂತೆ. ಆಮೇಲೆ ಸೂಜಿ ಪಕ್ಕಕ್ಕಿಟ್ಟೆ.

ಮರು ವಾರ ಇಗ್ನಾಸ್ ಬಂದು (ಅದು ಲಿಂಕ್ಸ್ ಅವರ ಹೆಸರು) ಕೇಪ್ ಟೌನಿನ ಉದ್ಯಾನದಲ್ಲೂ ನಮ್ಮ ಹೂ ಬೆಳೆಸಿದ್ದಾರಂತೆ, ಹೋಗಿ ನೋಡೋಣವೇ ಎಂದು ಕೇಳಿದ. ಹೋದೆವು. ಅಲ್ಲಿರುವ ಅವನ ಅಕ್ಕನ ಮನೆಯಲ್ಲಿ ಉಳಿದೆವು. ನಾನು ಅಕ್ಕನ ಕೋಣೆಯಲ್ಲಿ, ಅವನು ಅಡುಗೆಮನೆಯ ಬೆಂಚಿನ ಮೇಲೆ. ಇದನ್ನು ದಯವಿಟ್ಟು ಅರೆಂಡ್ಸೆ ಅಮ್ಮನಿಗೂ ತಿಳಿಸು.

ಉದ್ಯಾನದಲ್ಲಿ ನಮ್ಮ ಹೂಗಳು ಸಾಲಾಗಿ, ಒಂದೊಂದು ಸಾಲಿಗೂ ಹೆಸರಿನ ಫಲಕ ಇಟ್ಟುಕೊಂಡು, ಶಾಲೆಯ ಮೊದಲ ದಿನದ ಮಕ್ಕಳ ಹಾಗೆ ಕೂತಿದ್ದವು. ಚೆನ್ನಾಗಿಯೇ ಇದ್ದವು, ನೀರು ಗೊಬ್ಬರಕ್ಕೇನೂ ಕೊರತೆಯಿಲ್ಲ. ಆದರೂ ಅವನ್ನು ನೋಡುವಾಗ, ನೀನು ನಿನ್ನ ಮನೆಯಲ್ಲಿ ಪರದೆ ಹಾಕಿಸಿ, ಹಾಸಿಗೆ ತಂದು ನನಗಾಗಿ ಸಿದ್ಧಮಾಡಿಟ್ಟ ಕೋಣೆ ನೆನಪಾಯಿತು. ಬೇಸರ ಮಾಡಿಕೊಳ್ಳಬೇಡ ಮಗಳೇ. ಆ ಕೋಣೆಗೆ ಬಂದು ಹೋಗುತ್ತೇನೆ, ಬಂದು ಉಳಿಯಲಾರೆ.

ಬೆಂಚಿನ ಮೇಲೆ ಇಗ್ನಾಸ್ ಕೇಳಿದ: "ನಿಮ್ ಮಗಳು ಒಪ್ದೇ ಇದ್ರೆ ಏನ್ಮಾಡೋದು?"

"ಮೊದ್ಲು ನಾನು ಒಪ್ಪಿದೀನಾ ಅಂತ ಕೇಳ್ರಿ."

"ಒಪ್ಪಿದೀರಾ?"

ಆ ಹೊತ್ತಿಗೇ ಸರಿಯಾಗಿ ಗಿನಿಕೋಳಿಯೊಂದು ನನ್ನ ಮಡಿಲ ರೊಟ್ಟಿಯನ್ನು ಕಚ್ಚಿಕೊಂಡು ಓಡಿತು. ನಾನು ಅದರ ಹಿಂದೆ ಹುಲ್ಲಿನ ಮೇಲೆಲ್ಲ ಓಡಿದೆ, ರೊಟ್ಟಿ ಸಿಗಲಿಲ್ಲ. ಹೂಂ ಎಂದು ಉತ್ತರ ಹೇಳುವಾಗ ಏದುಸಿರು ಬರುತ್ತಿತ್ತು. ಅರೆಂಡ್ಸೆ ಅಮ್ಮ ಅದನ್ನೂ ನೋಡಿರಬಹುದು.

ಅಂದೇ ನಿನ್ನ ಮನೆಗೆ ಬರಬೇಕಿತ್ತು. ಧೈರ್ಯ ಸಾಲಲಿಲ್ಲ. ನೀನು ಅಪ್ಪನ ಮಗಳು, ಅವನನ್ನು ನಾನು ಮರೆತೆ ಎಂದು ತಿಳಿಯುತ್ತೀಯೇನೋ ಎಂಬ ಅಂಜಿಕೆ. ಅಪ್ಪನ ಫೋಟೋ ಗೋಡೆಯಿಂದ ಇಳಿಯುವುದಿಲ್ಲ. ಇಗ್ನಾಸ್ ತನ್ನ ಹೆಂಡತಿ ಮಾರ್ಥಾಳ ಫೋಟೋ ತರುತ್ತಾನೆ. ಎರಡನ್ನೂ ಅಕ್ಕಪಕ್ಕ ಹಾಕುತ್ತೇವೆ. ನಾವಿಬ್ಬರು ಜಗಳವಾಡುವುದನ್ನು ನೋಡಿ ಅವರಿಬ್ಬರೂ ನಗಲಿ.

ಮದುವೆ ಡಿಸೆಂಬರಿನಲ್ಲಿ, ನೀನು ನನ್ನ ಪಕ್ಕದಲ್ಲಿ ನಿಲ್ಲುವುದಾದರೆ.

ನಿನ್ನ ಮೇಲೆ ಪ್ರಾಣವಿಟ್ಟಿರುವ
ಅಮ್ಮ, ದೋರ್ತಿಯಾ

ಮರೆತದ್ದು: ಇದನ್ನು ಅಂಚೆಗೆ ಹಾಕಲಿಲ್ಲ, ನಾವೇ ತಂದಿದ್ದೇವೆ. ಬಾಗಿಲು ತಟ್ಟಿ ಈ ಕಾಗದವನ್ನು ನಿನ್ನ ಕೈಗೆ ಕೊಟ್ಟ ಎತ್ತರದ ಮನುಷ್ಯನೇ ಇಗ್ನಾಸ್. ನೀನು ಓದಿ ಮುಗಿಸುವವರೆಗೆ ಅವನು ಅಲ್ಲೇ ನಿಂತಿರುತ್ತಾನೆ. ಮಂಡಿನೋವಿನವನು, ದಯವಿಟ್ಟು ಒಳಗೆ ಕರೆದು ಕೂರಿಸು. ನಾನು ನಿನ್ನ ಬೀದಿಯ ಮೂಲೆಯ ಅಂಗಡಿಯಲ್ಲಿ, ಬೇಡದ ಸಾಬೂನನ್ನು ಮೂಸಿ ನೋಡುತ್ತ ನಿಂತಿದ್ದೇನೆ. ಬಂದು ಕರೆ, ಬರುತ್ತೇನೆ.