ಹೂಂ ಅನ್ನುವವರ ದೋಣಿ

೩೦ ಏಪ್ರಿಲ್ ೧೯೬೧, ರವಿವಾರ

ಮಿಲ್ಲಿನ ಸೀಟಿ ಆಯಿತು. ಚಹಾ ಆಯಿತು. ಠರಾವು ಪುಸ್ತಕ ಚೀಲಕ್ಕೆ ಹಾಕಿಕೊಳ್ಳುವಾಗ, ಯಾಕೋ, ಚಂದನದ ದೋಣಿಯ ಕಥೆ ನೆನಪಾಯಿತು. ಮೊದಲು ಹೇಳಿದವಳು ನಮ್ಮಜ್ಜಿ ತಾಯವ್ವ. ಪ್ಲೇಗಿಗೆ ಹೆದರಿ ಊರವರೆಲ್ಲ ಹೊಲದಲ್ಲಿ ಗುಡಿಸಲು ಹಾಕಿದ್ದ ವರ್ಷ, ಮುಂಡಗೋಡಿನ ಹತ್ತಿರ. ನನಗೆ ಏಳು. ಶೇಂಗಾ ಸುಲಿಯುತ್ತ ಹೇಳುತ್ತಿದ್ದಳು. ನಾವು ಹೂಂ ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಂತಿತು.

ಸದಸ್ಯರ ಮನೆ ಮನೆ ತಿರುಗಿ ಠರಾವಿಗೆ ಸಹಿ ತಂದೆ. ಮೌಳಂಗಿ ಹತ್ತಿರ ಹೊಳೆ ದಾಟಿಸುವ ದೋಣಿ ನೋಡಿಕೊಳ್ಳಲು ನಮ್ಮದೊಂದು ಮಂಡಳಿ. ಐದು ಜನ, ನಾನು ಕಾರ್ಯದರ್ಶಿ. ಎರಡು ವರ್ಷದಲ್ಲಿ ಕೂಡಿ ಕೂತದ್ದು ಒಂದೇ ಸಲ — ಹಾರ ಹಾಕಿಸಿಕೊಂಡ ದಿನ. ಆಮೇಲೆ ಪುಸ್ತಕವೇ ತಿರುಗುತ್ತದೆ.

ಠರಾವು ಮೊದಲೇ ಬರೆದಿದ್ದೆ: ‘ದೋಣಿ ಸುಸ್ಥಿತಿಯಲ್ಲಿದೆ.’ ಹೋದ ವರ್ಷದ ವಾಕ್ಯ. ಕೈ ತಾನೇ ಬರೆಯಿತು. ದೋಣಿ ಯಾರೂ ನೋಡಿಲ್ಲ, ನಾನೂ ನೋಡಿಲ್ಲ.

ಗೋದುಬಾಯಿ ಮಾತ್ರ ಪೆನ್ನು ಹಿಡಿದು ಕೇಳಿದರು. ಒಬ್ಬ ಹೆಣ್ಣುಮಗಳಿರಲಿ ಎಂದು ಅವರ ಹೆಸರು ಹಾಕಿದ್ದೆವು.

“ಅಹೋ ಮಾಸ್ತರ, ಇದರಾಗ ಏನ ಬರದೀರಿ?”

“ಪ್ರತಿ ಸಲದ್ದ ರೀ, ಬಾಯಾರ.”

ಸಹಿ ಮಾಡಿದರು.

೩ ಮೇ, ಬುಧವಾರ

ದೋಣಿ ನಡೆಸುವ ಲಗಮಪ್ಪ ಶಾಲೆಗೆ ಬಂದ. ಒಳಗೆ ಬರಲಿಲ್ಲ.

“ಮಾಸ್ತರ, ತಳದ ಹಲಗಿ ಕೊಳತೈತಿ. ಬೆರಳಿಟ್ರ ಒಳಗ ಹೋಗತೈತಿ.”

“ಬ್ಯಾಸಿಗ್ಯಾಗ ಹೊಳಿ ಸಣ್ಣದೈತಲ್ಲೋ.”

“ಬ್ಯಾಸಿಗಿ ಮಾತಲ್ರಿ. ನನ್ನ ಹೇಂತಿ ಮಾಲವ್ವಗ ಆರಿದ್ರಾ ಮಳ್ಯಾಗ ದಿನಾ ತುಂಬ್ತಾವ. ದವಾಖಾನಿ ಈ ದಂಡಿ, ನಮ್ಮನಿ ಆ ದಂಡಿ.”

ಅಷ್ಟೇ. ಅವರ ಮೊದಲ ಕೂಸು ಆ ದಂಡೆಯಲ್ಲೇ ಹೋಯಿತು. ಆಗ ದೋಣಿ ಇರಲಿಲ್ಲ. ಆಮೇಲೇ ಅಲ್ಲವೇ ನಾವು ಮಂಡಳಿ ಮಾಡಿದ್ದು, ಹಾರ ಹಾಕಿಸಿಕೊಂಡದ್ದು…

ಸಂಜೆ ಹೋಗಿ ನೋಡಿದೆ. ಬೆರಳು ಒಳಗೆ ಹೋಯಿತು.

೭ ಮೇ, ರವಿವಾರ. ಹಳಿಯಾಳ

ಮಂಡಳಿಯ ಅಧ್ಯಕ್ಷ ಬಸಲಿಂಗಯ್ಯನವರ ಕಟ್ಟಿಗೆ ಅಡ್ಡೆ. ಸಾಗವಾನಿ ವಾಸನೆ. ಎರಡು ಹಲಗೆ ಕೇಳಿದೆ. ಅವರು ಪುಸ್ತಕ ಕೇಳಿದರು.

“ಸುಸ್ಥಿತಿ ಅಂತ ಐತಿ. ನನ್ನ ಸಹಿನೂ ಐತಿ. ವಾರದಾಗ ದೋಣಿ ಕೊಳೀತೇನ್ರಿ?”

“ತಪ್ಪು ಬರದೀನ್ರಿ, ಅಯ್ಯನವರ.”

“ಹಂಗಾದ್ರ ನಾ ತಪ್ಪಿಗಿ ಸಹಿ ಮಾಡೀನಿ ಅಂದಂಗಾತು.”

ಸಿಟ್ಟಲ್ಲ. ಸಂಕೋಚ. ಬೆಲ್ಲ ನೀರು ಕೊಟ್ಟು ಕಳಿಸಿದರು. ಹಲಗೆ ಕೊಡಲಿಲ್ಲ.

ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಬಿದಿರುಮೆಳೆಗಳೆಲ್ಲ ನೀರೊಳಗೆ ನಿಂತಂತೆ. ಅಜ್ಜಿಯ ಕಥೆಯಲ್ಲಿ ಹೊಳೆಯ ತಳದಲ್ಲಿ ಒಂದು ಊರು. ಅಲ್ಲಿಯ ಗಂಟೆ ಮೇಲಿನವರಿಗೆ ಕೇಳುವುದು ಎಲ್ಲರೂ ಸುಮ್ಮನಾದಾಗ ಮಾತ್ರ.

೧೪ ಮೇ, ರವಿವಾರ

ಸಭೆ ಕರೆದೆ. ಐದು ಕುರ್ಚಿ, ಐದು ಬಾಳೆಹಣ್ಣು. ಗೋದುಬಾಯಿ ಒಬ್ಬರೇ ಬಂದರು. ಬಾಳೆಹಣ್ಣು ತಿಂದರು.

ಸುಮ್ಮನೆ ಕೂತು ಏನು ಮಾಡುವುದು… ಅಜ್ಜಿಯ ಮಾತು ತೆಗೆದೆ. ಕಥೆ ಶುರು ಮಾಡುವ ಮೊದಲು ಅವಳು ಹಂಚುತ್ತಿದ್ದಳು. ಹಗ್ಗ ನಿಂದು, ದೀಪ ನಿಂದು, ಕುದುರಿ ನಿಂದು. ನಡುವೆ ತಟ್ಟನೆ ಕೇಳುವಳು: “ಹಗ್ಗ ಎಲ್ಲೈತಿ ಈಗ?” ಹಗ್ಗದವನು ಹೇಳಲೇಬೇಕು. ಹೇಳದಿದ್ದರೆ ಕಥೆ ಅಲ್ಲೇ ಮುಳುಗಿತು. ಅದಕ್ಕೇ ಯಾರೂ ತೂಕಡಿಸುತ್ತಿರಲಿಲ್ಲ.

ಗೋದುಬಾಯಿ ಸಿಪ್ಪೆ ಮಡಚುತ್ತಿದ್ದರು.

“ನೀವು ನಮಗ ಏನ ಹಂಚೀರಿ, ಮಾಸ್ತರ? ಬರೇ ಕುರ್ಚಿ.”

ಉಳಿದ ನಾಲ್ಕು ಬಾಳೆಹಣ್ಣು ಚೀಲಕ್ಕೆ ಹಾಕಿಕೊಂಡೆ.

೨೮ ಮೇ, ರವಿವಾರ

ದೋಣಿ ಪೂಜೆ ಅಂತ ಕರೆದೆ. ಪೂಜೆ ಅಂದರೆ ಎಲ್ಲರೂ ಬರುತ್ತಾರೆ. ಕಾಯಿ ಒಡೆದ ಮೇಲೆ ಅಂದೆ: “ಹತ್ರಿ, ನಡು ಹೊಳಿಗಿ ಹೋಗೂಣು.”

ಮಂಡಳಿಯಲ್ಲಿದ್ದ ಗುತ್ತಿಗೆದಾರ ಸಾತಪ್ಪ ಹತ್ತಲಿಲ್ಲ. “ನಾ ಬರೇ ಹೆಸರಿಗಿ ಅದೀನ್ರಿ. ಹೆಸರ ತಗದ ಬಿಡ್ರಿ.” ನಗುತ್ತಲೇ ಹೋದ. ನನಗೂ ಹಗುರಾಯಿತು.

ಮಾಲವ್ವ ಆ ದಂಡೆಗೆ ಹೊರಟಿದ್ದಳು, ಮೂಲೆಯಲ್ಲಿ ಕೂತಳು. ನಡು ಹೊಳೆಯಲ್ಲಿ ಲಗಮಪ್ಪ ಹುಟ್ಟುಗೋಲು ಎತ್ತಿಟ್ಟ. ನೀರು ಹಸಿರು. ದೋಣಿ ನಿಂತಿದೆಯೋ, ಕಾಡೇ ತೇಲುತ್ತಿದೆಯೋ… ನಾನು ಹಂಚಿದೆ.

“ಹಲಗಿ ನಿಮ್ದು, ಅಯ್ಯನವರ. ಹಗ್ಗ ಸೋಮಪ್ಪಂದು. ಮಂದೀನ ಕರಸೂದು ಬಾಯಾರದು.”

“ನಿಮ್ದು?” ಅಂದ ಸೋಮಪ್ಪ. ಮಿಲ್ಲಿನ ಫಿಟ್ಟರ್, ಬಿಡುವವನಲ್ಲ.

“ಖರೇ ಬರಿಯೂದು ನಂದು.”

ಕಥೆ ಶುರು ಮಾಡಿದೆ. ಹೊಳೆಯ ತಳದ ಊರು. ರಾಜನ ಸೊಸೆಗೆ ಹೆರಿಗೆ ಬ್ಯಾನಿ. ಚಂದನದ ದೋಣಿ ಹೊರಟಿತು. ಹೂಂ, ಅಂದರು. ಮಳೆ ಹಿಡಿಯಿತು. ಹೂಂ. ನಿಲ್ಲಿಸಿದೆ.

“ಹಗ್ಗ ಎಲ್ಲೈತಿ ಈಗ?”

ಸೋಮಪ್ಪ ದೋಣಿಯ ತುದಿ ನೋಡಿದ. ಎಳೆ ಬಿಚ್ಚಿದ ತುಂಡು. “ಇಷ್ಟ ಐತಿ,” ಅಂದ, ಸಣ್ಣ ದನಿಯಲ್ಲಿ.

“ಹಲಗಿ?”

ಬಸಲಿಂಗಯ್ಯನವರ ಧೋತರದ ಅಂಚು ಆಗಲೇ ತೊಯ್ದಿತ್ತು. ಕೈ ಇಳಿಬಿಟ್ಟು ತಳ ಮುಟ್ಟಿದರು. ಬೆರಳು ಒಳಗೆ ಹೋಯಿತು. ಹಾಗೇ ಇಟ್ಟುಕೊಂಡು ಕೂತರು.

ಗೋದುಬಾಯಿ ಮಾಲವ್ವನ ಕಡೆ ತಿರುಗಿದ್ದರು. “ನಿನಗ ಬ್ಯಾನಿ ಬಂದ್ರ ನಮಗ ಹೆಂಗ ಗೊತ್ತಾಗತೈತಿ, ತಂಗಿ?”

“ನನಗ ಇಲ್ಲೀತನಕ ಯಾರೂ ಇದನ್ನ ಕೇಳಿಲ್ರಿ,” ಅಂದಳು ಮಾಲವ್ವ.

ಎಲ್ಲರೂ ಸುಮ್ಮನಾದರು. ಗಂಟೆಯೇನೂ ಕೇಳಲಿಲ್ಲ. ನೀರು ಒಳಗೆ ಬರುವ ಸದ್ದು, ಅಷ್ಟೇ.

ಈಗ ಪುಸ್ತಕ ತೆಗೆದು ಹಳೆಯ ವಾಕ್ಯ ಹೊಡೆದುಹಾಕಿದೆ. ‘ದೋಣಿ ಸೋರುತ್ತದೆ. ನೋಡದೆ ಬರೆದದ್ದು ನಾನು.’

೨೯ ಮೇ, ಸೋಮವಾರ

ಚಕ್ಕಡಿಯಲ್ಲಿ ಮೂರು ಹಲಗೆ. ಮೇಲೆ ಬಸಲಿಂಗಯ್ಯನವರೇ ಕೂತಿದ್ದಾರೆ. “ಎರಡ ಕೇಳಿದ್ರಿ. ಒಂದ ನಾ ಸಹಿ ಮಾಡಿದ್ದಕ್ಕ.”

೪ ಜೂನ್

ಸಾತಪ್ಪನ ಕುರ್ಚಿಗೆ ಯಾರು? ಪೇಟೆಯ ದೊಡ್ಡವರ ಹೆಸರು ಓದಿದೆ. ಗೋದುಬಾಯಿ ತಲೆ ಅಲ್ಲಾಡಿಸಿದರು. “ದಿನಾ ದಾಟೋರು ಯಾರರ ಇರ್ಲಿ.” ಮಾಲವ್ವನ ಹೆಸರು ಬರೆದೆವು. ಹೆಬ್ಬೆಟ್ಟು ಒತ್ತುವ ಮೊದಲು ಅವಳು ಅಂದಳು: “ಓದಿ ಹೇಳ್ರಿ.” ಎರಡು ಸಲ ಓದಿದೆ.

೧೮ ಜೂನ್, ರವಿವಾರ

ಮಿರಗದ ಮಳೆ ಜೋರು. ಹೊಳೆ ಕೆಂಪು. ಮಳೆಯಲ್ಲಿ ಮಾಲವ್ವ ದಾಟಿ ಬರುವಂತಿಲ್ಲ, ಮಿಕ್ಕವರೆಲ್ಲ ಬಂದರು. ನೆಲದ ಮೇಲೇ ಕೂತರು. ಹಲಗೆಯವರು ಹಲಗೆ ಹೇಳಿದರು, ಹಗ್ಗದವನು ಹಗ್ಗ. ಗೋದುಬಾಯಿ ತಮ್ಮ ಕೆಂಪು ಸೀರೆ ಹರಿದು ಆ ದಂಡೆಗೆ ಕಳಿಸಿದ್ದಾರೆ — ಬ್ಯಾನಿ ಬಂದರೆ ಬಿದಿರಿನ ಗಳಕ್ಕೆ ಕಟ್ಟಿ ಎತ್ತಬೇಕು.

ಎದ್ದು ಹೋಗುವಾಗ ಸೋಮಪ್ಪ ಅಂದ: “ಕಥಿ ಅರ್ಧಾ ಆಗೇತಿ, ಮಾಸ್ತರ.”

ಹೇಳಿದೆ. ಸೊಸೆಯನ್ನು ನಡು ಹೊಳೆವರೆಗೆ ತಂದೆ. ಮುಂದಿನದು ನನಗೂ ನೆನಪಿಲ್ಲ. ಅಜ್ಜಿ ಅಲ್ಲಿಗೆ ಬರುವಷ್ಟರಲ್ಲಿ ಶೇಂಗಾ ಮುಗಿದಿರುತ್ತಿತ್ತು.

೧೯ ಜೂನ್, ಸೋಮವಾರ. ಬೆಳಗಿನ ಆರೂವರೆ. ಹೊಳೆ ದಂಡೆ

ಕಲ್ಲಿನ ಮೇಲೆ ಕೂತು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಕೈ ಸುಮ್ಮನಿರಲೊಲ್ಲದು.

ಮಂಜಿನೊಳಗೆ ಕೆಂಪು ಕಂಡದ್ದು ಗೋದುಬಾಯಿಗೆ. ದಿನಾ ಬೆಳಿಗ್ಗೆ ಬಂದು ನೋಡುತ್ತಿದ್ದರಂತೆ, ನಮಗೆ ಹೇಳಿರಲಿಲ್ಲ. ನಿನ್ನೆ ಇಲ್ಲೇ ಉಳಿದಿದ್ದ ಬಸಲಿಂಗಯ್ಯನವರು ಬರಿಗಾಲಲ್ಲಿ ಬಂದಿದ್ದಾರೆ. ಸೋಮಪ್ಪ ಪಾಳಿ ಬಿಟ್ಟು ಬಂದು ಮತ್ತಿ ಮರಕ್ಕೆ ಹೊಸ ಹಗ್ಗ ಬಿಗಿದ. ಇನ್ನೊಂದು ತುದಿ ದೋಣಿಯಲ್ಲಿದೆ. ರಾತ್ರಿ ಮಳೆಗೆ ಈ ದಂಡೆಯಲ್ಲೇ ಉಳಿದಿದ್ದ ಲಗಮಪ್ಪ ಹುಟ್ಟುಗೋಲು ಹಿಡಿದಿದ್ದಾನೆ, ಗೋದುಬಾಯಿಯೂ ದೋಣಿಯಲ್ಲಿದ್ದಾರೆ. ಅವರ ಒಂದು ಕೂಗಿಗೆ ಸುದ್ದಿ ಹಬ್ಬಿತ್ತು; ಈ ಸಲ ಮನೆ ಮನೆ ತಿರುಗಿ ಯಾರನ್ನೂ ಕರೆಯಬೇಕಾಗಲಿಲ್ಲ.

ದೋಣಿ ಆ ದಂಡೆ ಮುಟ್ಟಿತು. ಅಲ್ಲಿಂದ ಹೊರಟಿತು. ಈಗ ಏನೂ ಕಾಣುವುದಿಲ್ಲ. ಹಗ್ಗ ಮಂಜಿನೊಳಗೆ ಹೋಗಿ ಕರಗಿದೆ. ಸೋಮಪ್ಪನ ಅಂಗೈಯಲ್ಲಿ ಅದು ಎಳೆದಂತೆ, ಬಿಟ್ಟಂತೆ.

ಹುಟ್ಟುಗೋಲಿನ ಸದ್ದು.

“ಹೂಂ,” ಅಂದರು ಬಸಲಿಂಗಯ್ಯನವರು. ಅಂದದ್ದು ಅವರಿಗೆ ಗೊತ್ತಿಲ್ಲ.

ಮತ್ತೊಂದು ಸದ್ದು. ಸೋಮಪ್ಪ ಅಂದ, ಹೂಂ. ನಾನೂ ಅಂದೆ.

ದೋಣಿ ಹತ್ತಿರ ಬಂದಿದೆ. ಮಂಜಿನೊಳಗಿಂದ ಕೂಸಿನ ಅಳು. ಗೋದುಬಾಯಿಯ ದನಿ — ನನ್ನನ್ನೇ ಕರೆಯುತ್ತಿದ್ದಾರೆ. ಮಾಸ್ತರ, ಬರಕೊಳ್ರಿ, ಎಷ್ಟ ಹೊತ್ತಿಗೆ ಅಂತ ಬರಕೊಳ್ರಿ, ನಡು ಹೊಳ್ಯಾಗ—