ಮೆತ್ತಗಾದ ಬ್ರೇಕು

ತಿಕೋಟಾ
ತಾ. ೧೪-೧೧-೧೯೬೩

ಸೌ. ಕಾಳವ್ವಗ,

ನಿನ್ನ ಗುರಲಿಂಗಪ್ಪ ಬರಿಯೂದು. ಇಲ್ಲಿ ಅವ್ವ ಅರಾಮ, ಎಮ್ಮಿ ಅರಾಮ, ನಮ್ಮ ಕರೇ ಮೋಟಾರೂ ಈಗ ಅರಾಮ ಐತಿ. ನನ್ನ ಸುದ್ದಿ ಕಡೀಕ ಹೇಳತೇನಿ. ಐತವಾರ ನಿಮ್ಮೂರು ಜೈನಾಪುರದಿಂದ ಬಂದ ಕೂಡ್ಲೆ ಬರೀಬೇಕಾಗಿತ್ತು, ತಡಾ ಆತು. ಸಿಟ್ಟಾಗಬ್ಯಾಡ, ಕೈತುಂಬ ಬ್ರೇಕಿನ ಎಣ್ಣಿ ಇತ್ತು. ಈ ಕಾಗದಾ ನೀನ ಓದಕೋ, ನಿಮ್ಮಣ್ಣನ ಕಡಿಂದ ಓದಿಸಬ್ಯಾಡ.

ನೀ ತವರಿಗೆ ಹೋದಾಗಿಂದ ನನ್ನ ಕೂಡ ಒಂದ ಮಾತೂ ಆಡಿದ್ದಿಲ್ಲ. ನಾ ಬಂದಾಗೆಲ್ಲಾ ಚಾ ಇಟ್ಟು ಸುಮ್ಮನ ಒಳಗ ಹೋಗತಿದ್ದಿ. ಐತವಾರನೂ ಹಂಗ ಅಂತ ತಿಳಕೊಂಡು ನಾ ಮಾಂವನ ಮುಂದ ಗಾಡೀ ರಗಳಿ ಹೇಳಾಕತ್ತಿದ್ದೆ. ಬ್ರೇಕ ಒತ್ತಿದ್ರ ಮೆತ್ತಗ ಆಗೇತಿ, ಪೆಡಲು ತಳಾ ಮುಟ್ಟತೈತಿ, ನಾಕೂ ಗಾಲಿ ನೋಡೀನಿ, ಪೈಪು ನೋಡೀನಿ, ಎಲ್ಲೂ ಒಂದ ಹನಿ ಸೋರಿಲ್ಲ, ಬ್ರೇಕಿನ ಎಣ್ಣ್ಯಾಗಿನ ಗಾಳಿ ತಗದ ತಗದ ಸಾಕಾಗೇತಿ ಅಂತ. ಆವಾಗ ಅಡಗಿಮನಿಯಿಂದ ನಿನ್ನ ದನಿ ಬಂತು. “ಸ್ಟೋವಿನ ಪಂಪು ಸಡ್ಲಾದ್ರ ಒಳಗಿನ ಚರ್ಮದ ವಾಸರ ನೋಡತೇವ್ರಿ. ನೀವು ಹೊರಗ ಏನ ಹುಡಕತೀರಿ?”

ಯಪ್ಪಾ! ಕೈಯಾಗಿನ ಚಾ ಧೋತರದ ಮ್ಯಾಲ ಚೆಲ್ಲಿಕೊಂಡೆ. ನಿಮ್ಮಪ್ಪ ನಕ್ಕ, ನಾ ನಗಲಿಲ್ಲ. ಬ್ರೇಕ ಹಾಳಾಗಿ ಹೋಗ್ಲಿ, ಕಾಳವ್ವ ಮಾತಾಡಿದಳಲ್ಲ! ಹಾದಿತುಂಬ ಅದನ್ನ ನೆನಸಕೋತ, ಹ್ಯಾಂಡಬ್ರೇಕ ಹಿಡಕೊಂಡು, ಚಕ್ಕಡಿ ಹೊಡದಂಗ ಸಾವಕಾಶ ತಿಕೋಟಾಕ್ಕ ಬಂದೆ.

ಮಂಗಳವಾರ ವಿಜಾಪುರಕ್ಕ ಹೋಗಿ, ಸಿದ್ಧೇಶ್ವರ ಗುಡಿ ಕಡೆ ಗ್ಯಾರೇಜ ಇಟ್ಟಾನಲ್ಲ ದಾವಲಸಾಬ, ಅವನ ಮುಂದ ನಿನ್ನ ಮಾತು ಹೇಳಿದೆ. “ಖರೇ ಐತಲ್ರಿ! ಒತ್ತಿ ಹಿಡೀರಿ, ಬಿಡಬ್ಯಾಡ್ರಿ” ಅಂದ. ಹಿಡದೆ. ಮೊದಲ ಗಟ್ಟಿ ಇತ್ತು, ಆಮ್ಯಾಲ ಪೆಡಲು ಮೆಲ್ಲಕ ಇಳಕೋತ ಹೋತು. ಪೆಡಲಿನ ಬುಡಕಿನ ದೊಡ್ಡ ಸಿಲಿಂಡರ ಬಿಚ್ಚಿ ನೋಡಿದ್ರ, ಒಳಗಿನ ವಾಸರಿನ ಅಂಚು ಸವದಿತ್ತು. ಒತ್ತಿದ ಎಣ್ಣಿ ಅದನ್ನ ದಾಟಿ ಹಿಂದಕ್ಕ ಜಾರಾಕತ್ತಿತ್ತು. ಸ್ಟೋವಿಂದು ಚರ್ಮದ್ದು, ಇದು ರಬ್ಬರಿಂದು, ಅಷ್ಟ ಫರಕು. ಬಾಜೂದವ್ರು “ಯಾವ ಮಿಸ್ತ್ರಿ ಹೇಳಿದ್ನೋ?” ಅಂತ ಕೇಳಿದ್ರ, ದಾವಲಸಾಬನ “ಇವರ ಮನ್ಯಾಕಿ!” ಅಂದ. ನನ್ನ ಎದಿ ಉಬ್ಬಿತು ನೋಡ. ನಿನಗ ಸಲಾಮ ಹೇಳ್ಯಾನ.

ಹೊಸಾ ವಾಸರ ಹಾಕಿ ಗಾಳಿ ತಗಿಯೂವಾಗ, ಪೆಡಲ ಒತ್ತಾಕ, ನನ್ನ ಕೂಡ ಬಂದಿದ್ದ ನಮ್ಮ ಬಾಜೂಮನಿ ಅಂಬಾದಾಸನ್ನ ಕುಂಡ್ರಿಸಿದ್ವಿ. ಹಿಡಿ ಅಂದ್ರ ಬಿಡತಾನ, ಬಿಡು ಅಂದ್ರ ಹಿಡೀತಾನ! ದಾವಲಸಾಬನ ಮಾರಿತುಂಬ ಎಣ್ಣಿ. ಎಷ್ಟ ಸಲ ನೀ ನನಗ ಒತ್ತಿಕೊಟ್ಟೀದಿ, ಒಮ್ಮೆರ ತಪ್ಪೀದೇನು? ನಿನ್ನಂಥಾಕಿ ಈ ಸೀಮ್ಯಾಗ ಇಲ್ಲ ಬಿಡ.

ಬರೂ ಐತವಾರ ಬರತೇನಿ. ಮನಿಗೆ ಬಾ ಅಂತ ಜುಲ್ಮಿ ಮಾಡೂದಿಲ್ಲ. ಗಾಡ್ಯಾಗ ಕುಂತು ಒಮ್ಮೆ ಬ್ರೇಕ ಒತ್ತಿ ನೋಡು, ಗಟ್ಟಿ ಐತಿ ಅಂತ ನಿನ್ನ ಬಾಯಿಲೆ ಕೇಳಬೇಕಾಗೇತಿ. ಮಾಂವಗ, ಅತ್ತಿಗೆ ನನ್ನ ಶರಣು ಹೇಳು. ಸಿದ್ಧರಾಮ ನಿನ್ನ ತಣ್ಣಗ ಇಟ್ಟಿರಲಿ.

ನಿನ್ನ
ಗುರಲಿಂಗಪ್ಪ

ತಾ.ಕ.: ನನ್ನ ಸುದ್ದಿ ಕಡೀಕ ಅಂದಿದ್ನಲ್ಲ. ನಮ್ಮ ಕೂಸು ಕಣ್ಣ ಮುಚ್ಚಿ, ನೀ ತವರಿಗೆ ಹೋದ ಮ್ಯಾಲ ಅವ್ವ ತೊಟ್ಟಿಲಾ ಬಿಚ್ಚಿ ಅಟ್ಟಕ್ಕ ಇಡತೇನಿ ಅಂದ್ಲು, ನಾ ಬಿಚ್ಚಗೊಡಲಿಲ್ಲ. ನಿನ್ನಿ ನಾನ ಬಿಚ್ಚಾಕ ಹೋದೆ. ಹಗ್ಗಕ್ಕ ನೀ ಹಾಕಿದ ಗಂಟು ಹಂಗ ಐತಿ. ಒಬ್ಬನ ಕೈಲೆ ಆಗಲಿಲ್ಲ ಕಾಳವ್ವ. ನೀ ಬಂದಾಗ ಇಬ್ಬರೂ ಕೂಡಿ ಬಿಚ್ಚೂಣು.