ಬೆರಳು ದಪ್ಪದ ಮಂಜುಗಡ್ಡೆ

ನವೆಂಬರ್ ೧೪

ಮುದ್ದಿನ ಗುಬ್ಬಿಗೆ,

ಅಪ್ಪನ ಅಕ್ಕರೆಯ ನೆನಪುಗಳು. ನಿನ್ನ ಪತ್ರ ಬಂದು ಮೂರು ವಾರವಾಯಿತು. "ಒಂದು ಸಾಲಿನ ಪ್ರಶ್ನೆಗೆ ಇಷ್ಟು ದಿನ ಬೇಕಾ ಅಪ್ಪಂಗೆ?" ಎಂದು ಫೋನಿನಲ್ಲಿ ಅಮ್ಮನ ಹತ್ತಿರ ಗೊಣಗಿದೆಯಂತೆ. ತಪ್ಪು ನನ್ನದೇ. ನಿನ್ನ ಪುಟ್ಟ ವಿಮಾನದ ರೆಕ್ಕೆಗೆ ಮಂಜುಗಡ್ಡೆ ಕಟ್ಟದಂತೆ ಏನು ಹಾಕಿಸಬೇಕು ಎಂದು ಕೇಳಿದ್ದೀಯ. ನಲವತ್ತು ವರ್ಷ ಹಾರಾಟ ಕಲಿಸಿದವನಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದನ್ನು ಬರೆಯಲು ಕೂತಾಗ ನನಗೇ ಅನುಮಾನ ಬಂತು. ಹಾಗಾಗಿ ಅಡುಗೆಮನೆಯ ಫ್ರಿಜ್ಜನ್ನು ವಶಪಡಿಸಿಕೊಂಡೆ.

ಅಮ್ಮ ಆರೋಗ್ಯವಾಗಿದ್ದಾಳೆ, ಕೋಪ ಮಾತ್ರ ಜಾಸ್ತಿಯಾಗಿದೆ. ಫ್ರೀಜರಿನಲ್ಲಿದ್ದ ಬಟಾಣಿ, ಐಸ್‌ಕ್ರೀಮ್ ಎಲ್ಲವೂ ಪಕ್ಕದ ಮನೆಯ ದರ್ಜಿಯಮ್ಮನ ಮನೆಗೆ ವಲಸೆ ಹೋಗಿವೆ.

ಮೊದಲು ವಿದ್ಯುತ್ತನ್ನು ನೋಡಿದೆ. ರೆಕ್ಕೆಯ ಮುಂದಂಚಿನಲ್ಲಿ ತಂತಿ ಹುದುಗಿಸಿ ಕಾಯಿಸುವುದು. ಸೊಗಸಾದ ಉಪಾಯ, ಆದರೆ ವಿಪರೀತ ಹೊಟ್ಟೆಬಾಕ. ಇಸ್ತ್ರಿಪೆಟ್ಟಿಗೆ ಮತ್ತು ಹೀಟರ್ ಒಟ್ಟಿಗೆ ಹಾಕಿ ಲೆಕ್ಕ ನೋಡಲು ಹೋಗಿ ಮನೆಯ ಫ್ಯೂಸನ್ನೇ ಹಾರಿಸಿದೆ. ನಿನ್ನ ವಿಮಾನದ ಜನರೇಟರ್ ನಮ್ಮ ಫ್ಯೂಸಿಗಿಂತ ಬಡಪಾಯಿ.

ಆಮೇಲೆ ದ್ರವ. ಅಂಚಿನ ತಗಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು, ಅವುಗಳಿಂದ ಹೆಪ್ಪುಗಟ್ಟದ ದ್ರವ ಒಸರುತ್ತಲೇ ಇರುತ್ತದೆ. ಒಂದು ಕೊಳವೆಗೆ ಸೂಜಿಯಿಂದ ತೂತು ಹಾಕಿ ಪರೀಕ್ಷಿಸಿದೆ. ಒಂದು ಚೂರು ಐಸೂ ಅಂಟಲಿಲ್ಲ, ಮಗುವಿನ ಹಾಗೆ ಚಪ್ಪಾಳೆ ತಟ್ಟಿದೆ! ಆದರೆ ಟ್ಯಾಂಕು ತುಂಬಿಸಿದರೆ ಎಳೆಗರುವಿನಷ್ಟು ತೂಕ. ಊರಿಂದೂರಿಗೆ ಹಾರುವ ದನದ ಡಾಕ್ಟರಾದ ನೀನು ಔಷಧಿ ಪೆಟ್ಟಿಗೆಗಳನ್ನು ಎಲ್ಲಿಡುತ್ತೀಯ? ದ್ರವ ಮುಗಿಯಿತೋ, ರೆಕ್ಕೆ ಬರಿಗೈ.

ಉಳಿದದ್ದು ರೆಕ್ಕೆಯ ಮುಂದಂಚಿಗೆ ಅಂಟಿಸುವ ರಬ್ಬರ್ ಪಟ್ಟಿ. ಗುಂಡಿ ಒತ್ತಿದರೆ ಗಾಳಿ ತುಂಬಿ ಉಬ್ಬುತ್ತದೆ, ಮೇಲೆ ಕಟ್ಟಿದ ಐಸ್ ಒಡೆದು ಹಾರಿಹೋಗುತ್ತದೆ. "ರಬ್ಬರ್ ಬೇಡ ಅಂತೀಯ, ಗೊತ್ತು. ಚಿಕ್ಕಪ್ಪನ ವಿಮಾನದಲ್ಲಿ ಅದೇ ಇತ್ತಲ್ಲ" ಎಂದು ನೀನೇ ಬರೆದಿದ್ದೆ. ಹೌದು, ನಿನಗೆ ಆರು ವರ್ಷವಿದ್ದಾಗ ಅವನು ಬಿದ್ದದ್ದು ಐಸ್ ಕಟ್ಟಿ. ರಬ್ಬರ್ ಕೈಕೊಟ್ಟಿತು ಎಂದು ಅಂದಿನಿಂದ ಕೇಳಿದವರಿಗೆಲ್ಲ ಹೇಳಿದ್ದೇನೆ.

ಆದರೂ ಲಟ್ಟಣಿಗೆಗೆ ಸೈಕಲ್ ಟ್ಯೂಬ್ ಸುತ್ತಿ, ನೀರು ಚಿಮುಕಿಸಿ ಫ್ರೀಜರಿನಲ್ಲಿಟ್ಟೆ. "ಲಟ್ಟಣಿಗೆಗೆ ಟ್ಯೂಬ್ ಸುತ್ತೋ ಗಂಡಸನ್ನ ಇವತ್ತೇ ನೋಡಿದ್ದು ನಾನು" ಎಂದಳು ಅಮ್ಮ. ಬೈಯುತ್ತಲೇ ಪಂಪು ಒತ್ತಿದವಳೂ ಅವಳೇ.

ನಾವು ಹಳೆಯ ಮೇಷ್ಟ್ರುಗಳೆಲ್ಲ ಕಲಿಸಿದ್ದು ಒಂದೇ ಪಾಠ: ಐಸ್ ಬೆರಳು ದಪ್ಪ ಆಗುವವರೆಗೆ ಗುಂಡಿ ಒತ್ತಬಾರದು. ತೆಳ್ಳಗಿದ್ದಾಗ ಒತ್ತಿದರೆ ಅದು ಒಡೆಯದೆ ಹಿಗ್ಗಿ, ಚಿಪ್ಪಿನಂತೆ ಗಟ್ಟಿಯಾಗುತ್ತದೆ, ಆಮೇಲೆ ರಬ್ಬರ್ ಒಳಗೆ ಎಷ್ಟು ಉಸಿರಾಡಿದರೂ ದಂಡ ಎಂದು. ಆ ಚಿಪ್ಪನ್ನು ಒಮ್ಮೆ ಕಣ್ಣಾರೆ ನೋಡುವ ಆಸೆಯಾಯಿತು. ಇಪ್ಪತ್ತೆರಡು ಸಲ ಪ್ರಯತ್ನಿಸಿದೆ. ಉಗುರಿನಷ್ಟು ತೆಳ್ಳಗಿದ್ದಾಗಲೂ ಒಡೆಯಿತು. ಅಲ್ಲಲ್ಲಿ ಉಳಿದ ಚೂರುಗಳು ಎರಡನೇ ಉಬ್ಬಿಗೆ ಉದುರಿದವು. ಚಿಪ್ಪು ಒಮ್ಮೆಯೂ ಆಗಲಿಲ್ಲ.

ಫ್ರೀಜರ್ ಆಕಾಶವಲ್ಲ, ಒಪ್ಪುತ್ತೇನೆ. ಅದಕ್ಕೇ ನಮ್ಮ ಹಳೆಯ ವಿಮಾನ ಶೆಡ್ಡಿನ ಮೆಕ್ಯಾನಿಕ್‌ಗೆ ಫೋನು ಮಾಡಿದೆ. ಅವನು ನಕ್ಕುಬಿಟ್ಟ. "ಅದು ಹಳೇ ಕಾಲದ ಮಾತು ಮೇಷ್ಟ್ರೇ. ಐಸ್ ಕಂಡ ಕೂಡ್ಲೇ ಒತ್ತಿ ಅಂತ ಈಗ ಎಲ್ಲಾ ಕಡೆ ಬರ್ದಿದ್ದಾರೆ. ನಿಮಗ್ಯಾರೂ ಹೇಳ್ಲಿಲ್ವಾ?"

ಹೇಳಿರಬಹುದು. ನಾನು ಕಿವಿಗೆ ಹಾಕಿಕೊಂಡಿರಲಿಕ್ಕಿಲ್ಲ.

ಆದ್ದರಿಂದ ನನ್ನ ಉತ್ತರ: ರಬ್ಬರನ್ನೇ ಹಾಕಿಸು. ಹಗುರ, ನಿನ್ನ ಎಂಜಿನ್ನಿಗೂ ಭಾರವಾಗದು. ಬಿಸಿಲಿಗೆ ಬಿರಿಯುತ್ತದೆ, ಕಲ್ಲು ತಾಗಿದರೆ ತೂತಾಗುತ್ತದೆ. ಹೊರಡುವ ಮುಂಚೆ ಉದ್ದಕ್ಕೂ ಕೈಯಾಡಿಸಿ ನೋಡು. ಒಂದು ಮಾತು ನೆನಪಿರಲಿ, ಇದು ಮೋಡದೊಳಗೆ ಸಂಸಾರ ಹೂಡುವುದಕ್ಕಲ್ಲ, ಬೇಗ ಹೊರಗೆ ಓಡಿಬರುವುದಕ್ಕೆ.

ನಿನ್ನ ರೆಕ್ಕೆಗಳು ಸದಾ ಒಣಗಿರಲಿ, ಇಳಿದ ಕಡೆಯೆಲ್ಲ ನೆಲ ಮೆತ್ತಗೆ ಸಿಗಲಿ. ಅಳಿಯಂದಿರಿಗೆ ನನ್ನ ನೆನಪು ತಿಳಿಸು.

ನಿನ್ನ
ಅಪ್ಪ

ತಾ.ಕ.: ಇದು ಮರೆತು ಉಳಿದ ಮಾತಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು. ಆ ಮಧ್ಯಾಹ್ನ ರೇಡಿಯೋ ಮುಂದೆ ಕೂತಿದ್ದವನು ನಾನು. "ಅಣ್ಣಾ, ಐಸ್ ಕಟ್ತಾ ಇದೆ. ಉಗುರಿನಷ್ಟಿದೆ. ಒತ್ಲಾ?" ಎಂದು ಚಿಕ್ಕಪ್ಪ ಕೇಳಿದ. "ಬೇಡ, ಬೆರಳು ದಪ್ಪ ಆಗ್ಲಿ, ಕಾಯಿ" ಎಂದೆ. "ಸರಿ ಅಣ್ಣಾ" ಎಂದ. ನನ್ನ ಮಾತು ಮೀರಿದವನೇ ಅಲ್ಲ ಅವನು. ಅವನ ಧ್ವನಿ ನಾನು ಕೇಳಿದ್ದು ಅದೇ ಕೊನೆ. ಇಪ್ಪತ್ತಾರು ವರ್ಷ ಆ ರಬ್ಬರಿನ ಮೇಲೆ ಗೂಬೆ ಕೂರಿಸಿದೆ. ನಾಳೆ ಚಿಕ್ಕಮ್ಮನ ಮನೆಗೆ ಹೋಗಿ ಇದನ್ನು ಹೇಳುತ್ತೇನೆ. ಗುಬ್ಬೀ, ಅದೇ ಬೆರಳನ್ನು ತೋರಿಸಿ ನಿನಗೂ ಅದೇ ಪಾಠ ಕಲಿಸಿದ್ದೇನೆ. ಮರೆತುಬಿಡು. ಐಸ್ ಕಂಡ ಕೂಡಲೇ ಒತ್ತು. ಯಾರನ್ನೂ ಕೇಳುತ್ತಾ ಕೂರಬೇಡ, ನನ್ನನ್ನೂ.